ಡಬ್ಬಿಗೆ ಬಂದ ಗಿಣ್ಣದ ಹಾಲು

ಕಳೆದ ವರ್ಷ ಗಣೇಶ ಚತುರ್ಥಿಯ ಮರುದಿನ ನಡೆದದ್ದು. ಮರಾಠಿ ಸೀಮೆಯ ಖರಾಡಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಐದು ಮನೆಯವರು ಗಿಣ್ಣದ ಹಾಲಿಗಾಗಿ ಚಾಕಣದಾಚೆಯ ಡೇರಿಯೊಂದರಲ್ಲಿ ಮುಂಚೆಯೇ ಹೇಳಿಟ್ಟಿದ್ದರು. ಹಸುಗಳನ್ನು ಕಟ್ಟಿಹಾಕದೆ ಹುಲ್ಲುಗಾವಲಿನಲ್ಲಿ ಮೇಯಿಸುವ ಡೇರಿ ಅದು. ಆ ದಿನಗಳಲ್ಲಿ ಅಲ್ಲಿ ಹಸುಗಳು ಒಂದರ ಹಿಂದೊಂದು ಕರು ಹಾಕುತ್ತವೆ. ಎಂ.ಎ. ಮುಗಿಸಿ ಮನೆಯಲ್ಲಿದ್ದ ನನ್ನ ಮೇಲೆ, ಸ್ಕೂಟರ್ ಇದೆಯೆಂಬ ಒಂದೇ ಕಾರಣಕ್ಕೆ ಹಾಲು ತರುವ ಹೊಣೆ ಬಿತ್ತು.

ಡೇರಿಯ ಮ್ಯಾನೇಜರ್ ನನ್ನ ದೊಡ್ಡ ಸ್ಟೀಲ್ ಡಬ್ಬಿಗೆ ಹಳದಿ ಬಣ್ಣದ ಗಟ್ಟಿ ಹಾಲು ತುಂಬಿಕೊಟ್ಟ. ಹೊರಟಿದ್ದೇನೆಂದು ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಾಗ, ಬೇಲಿಯ ಬಳಿ ಗೋಣಿಚೀಲದಿಂದ ಕರುವೊಂದರ ಮೈ ಉಜ್ಜುತ್ತಿದ್ದ ಹೆಂಗಸು ತಲೆಯೆತ್ತಿದಳು. ಯಾದಗಿರಿ ಕಡೆಯಿಂದ ದುಡಿಯಲು ಬಂದ ಭೀಮವ್ವ.

"ಅಕ್ಕಾರ, ಕನ್ನಡದಾಕಿ ಏನ್ರಿ ನೀವು? ಹಂಗಾರ ನೀವರ ಹೇಳ್ರಿ ಇವ್ರಿಗೆ. ಇದು ಹುಟ್ಟಿ ಮೂರು ತಾಸಾತ್ರಿ. ಹೊಟ್ಟ್ಯಾಗ ಒಂದು ಗುಟುಕ ಹೋಗಿಲ್ಲ. ಎಲ್ಲಾ ಹಾಲು ನಿಮ್ಮ ಡಬ್ಬ್ಯಾಗ ಅದ."

ಕರು ಕತ್ತು ನೆಲಕ್ಕೆ ಹಾಕಿತ್ತು. ಕಿವಿ ಮುಟ್ಟಿದರೆ ತಣ್ಣಗಿತ್ತು. ನಾನು ಮ್ಯಾನೇಜರನನ್ನು ವಿಚಾರಿಸಿದೆ. ಬುಕಿಂಗ್ ಆಗಿಹೋಗಿದೆ, ಕರುವಿಗೆ ಸಂಜೆಯ ಹಾಲು ಕುಡಿಸುತ್ತೇವೆ ಎಂದು ಆತ ಮರಾಠಿಯಲ್ಲಿ ಸಲೀಸಾಗಿ ಹೇಳಿದ. ಸಂಜೆಯವರೆಗೆ ಅದು ಬದುಕಿರುತ್ತದೆಂದು ಬರೆದು ಕೊಡುತ್ತೀರಾ ಎಂದೆ. ನೀವೇನು ಡಾಕ್ಟರಾ ಎಂದು ನಕ್ಕ.

ಭೀಮವ್ವನಿಗೆ ಅಷ್ಟು ಮರಾಠಿ ತಿಳಿಯುತ್ತಿತ್ತು. "ಡಾಕ್ಟರ ಯಾಕ ಬೇಕ್ರಿ? ಹಸದದ್ದು ತಿಳ್ಯಾಕ ಐದು ಹಡದಾಕಿ ನಾ ಇಲ್ಲೇನು? ನಮ್ಮೂರಾಗ ಕರ ಹೊಟ್ಟಿ ತುಂಬ ಕುಡುದ ಮ್ಯಾಲೇ ಗಿಣ್ಣ."

ನಾನು ಡಬ್ಬಿಯ ಮುಚ್ಚಳ ತೆಗೆದೆ. ಅವಳು ನಿಪ್ಪಲ್ ಹಾಕಿದ ಬಾಟಲಿಗೆ ಹಾಲು ಸುರಿದು, ಬೆರಳಿನಿಂದ ಕರುವಿನ ಬಾಯಿ ಬಿಡಿಸಿದಳು. ಮೊದಲು ಹಾಲೆಲ್ಲ ತುಟಿಯಂಚಿನಿಂದ ಇಳಿದುಹೋಯಿತು. "ಚೀಪ, ನನ್ನಪ್ಪ, ಚೀಪ" ಎಂದು ಅವಳು ಗಂಟಲು ನೀವುತ್ತಲೇ ಇದ್ದಳು. ಅಷ್ಟರಲ್ಲಿ ಮ್ಯಾನೇಜರ್ ಹಾಲಿಗೆ ಹೇಳಿಟ್ಟಿದ್ದ ಮನೆಯವರಿಗೆ ಫೋನಿನಲ್ಲಿ ದೂರು ಹೇಳಿಯಾಗಿತ್ತು. ಪಕ್ಕದ ಮನೆಯ ವನಜಾ ಆಂಟಿ ಫೋನ್ ಮಾಡಿದರು: "ಅಲ್ಲಮ್ಮ, ಎಲ್ಲಾನೂ ಅದಕ್ಕೇ ಕುಡಿಸ್ಬಿಡಬೇಡ. ಅರ್ಧ ಲೀಟರ್ ಆದ್ರೂ ಉಳಿಸ್ಕೊಂಡು ಬಾ. ಬೆಲ್ಲ, ಏಲಕ್ಕಿ ಎಲ್ಲಾ ರೆಡಿ ಮಾಡಿಟ್ಟಿದ್ದೀನಿ!" ನಾನು ಫೋನ್ ಇಟ್ಟು ಬಾಟಲಿಗೆ ಮತ್ತೆ ಹಾಲು ಸುರಿದೆ.

ಎರಡನೆಯ ಬಾಟಲಿಯ ಹೊತ್ತಿಗೆ ಕರು ಚೀಪತೊಡಗಿತು. ಇನ್ನೂ ಸ್ವಲ್ಪ ಹೊತ್ತಿಗೆ ಹಿಂಗಾಲು ಎತ್ತಿ, ಮುಗ್ಗರಿಸಿ, ಮತ್ತೆ ಎತ್ತಿ ನಿಂತಿತು.

ಕರುವಿನ ಪಾಲು ಕೊಟ್ಟ ನಂತರವೇ ಗಿಣ್ಣದ ಹಾಲು ಮಾರುತ್ತೇವೆಂಬ ಲಿಖಿತ ಭರವಸೆ ಬೇಕೆಂದು ಡೇರಿಗೆ ಮೂರು ಪತ್ರ ಬರೆದಿದ್ದೇನೆ. ಉತ್ತರವಿಲ್ಲ. ನಾನು ಕೇಳುವುದನ್ನು ನಿಲ್ಲಿಸಿಲ್ಲ. ಆದರೆ ನನ್ನನ್ನು ಹೆಚ್ಚು ಕೆರಳಿಸುವುದು ಆ ಮೌನವಲ್ಲ. ಭೀಮವ್ವ ಕರೆಯದೇ ಹೋಗಿದ್ದರೆ ನಾನು ಡಬ್ಬಿಯನ್ನು ಸ್ಕೂಟರಿಗೆ ಸಿಕ್ಕಿಸಿ, ಒಂದು ಹನಿಯೂ ಚೆಲ್ಲದಂತೆ ಜೋಪಾನವಾಗಿ ಮನೆಗೆ ತಂದಿರುತ್ತಿದ್ದೆ. ಅದಕ್ಕೆ ಉತ್ತರ ಹೇಳಬೇಕಾದವಳು ನಾನೇ.