ವಿಪತ್ತಿನ ಉದ್ಘಾಟನೆ

ನರ್ಸಿಂಗ್ ಶಾಲೆಯ ಹುಡುಗಿಯರು ಆಕೆಗೆ ಇಟ್ಟ ಹೆಸರು ಸೈರನ್ ಮೇಡಂ. ಅವರು ಮೂರನೆಯ ಮಹಡಿಯಲ್ಲಿ ಪಾಠ ಮಾಡಿದರೆ ಗೇಟಿನ ವಾಚ್‌ಮನ್‌ಗೂ ಒಂದಿಷ್ಟು ವಿದ್ಯೆ ಹತ್ತುತ್ತಿತ್ತು. ಆ ಗಂಟಲು ಬಂದದ್ದು ಅಪ್ಪನ ಹಿಟ್ಟಿನ ಗಿರಣಿಯಿಂದ. ಗಿರಣಿ ಓಡುತ್ತಿರುವಾಗ ಅಪ್ಪನನ್ನು ಊಟಕ್ಕೆ ಕರೆಯುವ ಕೆಲಸ ಚಿಕ್ಕಂದಿನಲ್ಲಿ ಅವರ ಪಾಲಿಗೆ ಬಂದಿತ್ತು. ಮೆತ್ತಗೆ ಕರೆದರೆ ಅಪ್ಪನೂ ಉಪವಾಸ, ಮಗಳೂ ಉಪವಾಸ. ಮುಂದೆ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದಾಗ ಅದೇ ಗಂಟಲಿಗಾಗಿ ಬೈಸಿಕೊಂಡರು. ನಿದ್ದೆ ಮಾತ್ರೆ ನುಂಗಿದವರೂ ಎದ್ದು ಕೂರುತ್ತಾರೆ ಎಂದು ದೂರು. ಕಡೆಗೆ ಆಸ್ಪತ್ರೆಯವರು ಅವರನ್ನು ಪಾಠ ಹೇಳಲು ಹಾಕಿ ರೋಗಿಗಳ ನಿದ್ದೆ ಉಳಿಸಿದರು.

ಅವರು ಹೇಳಿಕೊಡುವ ವಿಷಯಗಳಲ್ಲಿ ಅವರಿಗೆ ಜೀವಕ್ಕಿಂತ ಹೆಚ್ಚಾದದ್ದು ಗುರುವಾರದ ಕೊನೆಯ ಪಿರಿಯಡ್. ವಿಪತ್ತು ಬಂದಾಗ ನರ್ಸು ಏನು ಮಾಡಬೇಕು ಎಂಬ ಪಾಠ. ಬೆಂಕಿ ಬಿತ್ತು, ಕಟ್ಟಡ ಕುಸಿಯಿತು, ಬಸ್ಸು ಮಗುಚಿತು. ಇದ್ದಕ್ಕಿದ್ದಂತೆ ಬಾಗಿಲಲ್ಲಿ ಜನವೋ ಜನ. ಇರುವುದು ನಾಲ್ಕು ಕೈ. ಮೊದಲು ಯಾರನ್ನು ಮುಟ್ಟಬೇಕು? ಅದಕ್ಕೆ ಬಣ್ಣದ ಚೀಟಿಗಳಿವೆ. ಈಗಲೇ ನೋಡದಿದ್ದರೆ ಹೋಗಿಬಿಡುವವರಿಗೆ ಕೆಂಪು, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ಎದ್ದು ನಡೆಯಬಲ್ಲವರಿಗೆ ಹಸಿರು, ಉಸಿರು ನಿಂತವರಿಗೆ ಕಪ್ಪು. ಕೇಳಲು ಮಕ್ಕಳಾಟದಂತಿದೆ. ಕಟ್ಟಲು ಹೋದಾಗ ಗೊತ್ತಾಗುತ್ತದೆ, ಮನುಷ್ಯನ ಕೈ ಗಾಯ ನೋಡಿ ಚೀಟಿ ಕಟ್ಟುವುದಿಲ್ಲ, ಮುಖ ನೋಡಿ ಕಟ್ಟುತ್ತದೆ.

ಮೇಡಂ ಇದನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ. ಅವರು ವಿದ್ಯಾರ್ಥಿನಿಯಾಗಿದ್ದಾಗ ಒಮ್ಮೆ ಆಸ್ಪತ್ರೆಯ ಉಗ್ರಾಣಕ್ಕೆ ಬೆಂಕಿ ಬಿದ್ದು ಮೇಲಿನ ವಾರ್ಡುಗಳಲ್ಲೆಲ್ಲ ಹೊಗೆ ತುಂಬಿಕೊಂಡಿತು. ಯಾರ ಪ್ರಾಣ ಹೋಗುವಂತಿದೆ ಎಂದು ಒಬ್ಬರೂ ಕೇಳಲಿಲ್ಲ. ಯಾರು ಯಾರ ಕಡೆಯವರು ಎಂಬುದು ಮಾತ್ರ ಎಲ್ಲರಿಗೂ ಬಾಯಿಪಾಠವಿತ್ತು. ಸ್ಪೆಷಲ್ ರೂಮಿನಲ್ಲಿ ಸುಮ್ಮನೆ ಚೆಕಪ್ಪಿಗೆ ಮಲಗಿದ್ದ ದೊಡ್ಡ ಮನುಷ್ಯರೊಬ್ಬರನ್ನು ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದರು. ಹಿಂದಿನಿಂದ ಒಬ್ಬ ನರ್ಸು ಅವರ ಬೂಟು ಹಿಡಿದುಕೊಂಡು ಬಂದಳು. ಜನರಲ್ ವಾರ್ಡಿನಿಂದ, ಹಿಂದಿನ ದಿನವಷ್ಟೇ ಹೊಟ್ಟೆ ಕೊಯ್ಸಿಕೊಂಡಿದ್ದ ಹೆಂಗಸು ಒಂದು ಕೈಯನ್ನು ಹೊಲಿಗೆಯ ಮೇಲೂ ಇನ್ನೊಂದನ್ನು ಗೋಡೆಯ ಮೇಲೂ ಇಟ್ಟುಕೊಂಡು ತಾನೇ ಇಳಿದು ಬಂದಳು. ಯಾರೂ ಸಾಯಲಿಲ್ಲ. ಹಾಗಾಗಿ ಎಲ್ಲರ ಬೆನ್ನನ್ನೂ ತಟ್ಟಲಾಯಿತು. ಸತ್ತರೆ ಮಾತ್ರ ಅನ್ಯಾಯ, ಬದುಕಿದರೆ ಅದು ವ್ಯವಸ್ಥೆ. ಇದು ನಮ್ಮ ಲೆಕ್ಕಾಚಾರ.

ಆ ಗುರುವಾರದ ಪಿರಿಯಡ್ಡಿನ ಮೇಲೆ ಈ ವರ್ಷ ದೊಡ್ಡ ಡಾಕ್ಟರ ಕಣ್ಣು ಬಿತ್ತು. ದೊಡ್ಡ ಡಾಕ್ಟರೆಂದರೆ ಆಸ್ಪತ್ರೆಯ ಸೂಪರಿಂಟೆಂಡೆಂಟ್. ಮೇಡಮ್ಮನ್ನು ಕೋಣೆಗೆ ಕರೆಸಿದರು.

"ನೋಡಿ ಮೇಡಂ, ಬೆಂಕಿ ಬಿದ್ದಾಗ ನೋಡ್ಕೊಳ್ಳೋಣ. ಈಗ ದಿನಾ ಬೀಳ್ತಿರೋದು ಕಂಪ್ಲೇಂಟು. ನರ್ಸುಗಳು ಮುಖ ಗಂಟು ಹಾಕ್ಕೊಂಡಿರ್ತಾರಂತೆ. ಆ ಪಿರಿಯಡ್‌ಗೆ 'ನಗುಮೊಗದ ಸೇವೆ' ಅಂತ ಒಂದು ತರಬೇತಿ ಹಾಕೋಣ ಅಂತಿದೀನಿ."

"ಸರ್, ಹೊಗೆ ತುಂಬ್ಕೊಂಡಾಗ ನಕ್ಕೊಂಡು ನಿಂತ್ರೆ ಏನಾಗುತ್ತೆ?"

"ಸ್ವಲ್ಪ ಮೆತ್ತಗೆ. ಪಕ್ಕದಲ್ಲಿ ಸ್ಕ್ಯಾನಿಂಗ್ ನಡೀತಿದೆ."

ವಾದ ಕಿಟಕಿಯಿಂದ ಹೊರಗೆಲ್ಲ ಹರಡತೊಡಗಿದಾಗ ದೊಡ್ಡ ಡಾಕ್ಟರು ಒಂದು ಒಪ್ಪಂದಕ್ಕೆ ಬಂದರು. ಆಡಳಿತ ಮಂಡಳಿಯ ಅಧ್ಯಕ್ಷರು ಮುಂದಿನ ವಾರ ಬರುತ್ತಾರೆ. ಅವರ ಎದುರಿಗೆ ಒಂದು ಅಣಕು ವಿಪತ್ತು, ಅಂದರೆ ಮಾಕ್ ಡ್ರಿಲ್, ಮಾಡಿ ತೋರಿಸಬೇಕು. ಅಧ್ಯಕ್ಷರಿಗೆ ಹಿಡಿಸಿದರೆ ಪಿರಿಯಡ್ ಉಳಿಯುತ್ತದೆ. ಹಿಡಿಸದಿದ್ದರೆ ನಗು.

ಗಾಯಾಳುಗಳಾಗಲು ಜನ ಬೇಕಿತ್ತು. ಆಯಾಗಳು ಒಪ್ಪಿದರು, ಕ್ಯಾಂಟೀನಿನವರು ಒಪ್ಪಿದರು. ಮನೆಯಲ್ಲಿ ಹೇಳುವುದೇ ಬೇಡ ಎಂದಿದ್ದರೂ ಸುದ್ದಿ ಹೇಗೋ ಅತ್ತೆಯ ಕಿವಿಗೆ ಬಿತ್ತು.

"ನಾನೂ ಬರ್ತೀನಿ. ಮನೇಲಿ ಕೂತು ಕೂತು ಗೋಡೆ ನೋಡೋ ಬದಲು ಅಲ್ಲಾದ್ರೂ ಬಿದ್ಕೊಂಡಿರ್ತೀನಿ."

"ಅತ್ತೆ, ಬಿಸಿಲಲ್ಲಿ ಮಲಗಬೇಕು."

"ನಿನ್ನ ಅಡುಗೆ ತಿಂದು ಇಷ್ಟು ವರ್ಷ ತಡ್ಕೊಂಡಿಲ್ವೇನೇ?"

ಹೀಗೆ ಅತ್ತೆ ಗಾಯಾಳುಗಳ ಪಡೆಗೆ ಸೇರಿದರು. ತಾಲೀಮಿನ ದಿನ ಅವರಿಗೆ ಸಿಕ್ಕಿದ್ದು ತಲೆಗೆ ಪೆಟ್ಟು ಬಿದ್ದು ಉಸಿರು ನಿಂತವರ ಪಾತ್ರ. ಅವರನ್ನು ಪರೀಕ್ಷಿಸಬೇಕಾದವಳು ಪಿಸಿಪಿಸಿ ಎಂದು ಹೆಸರಾದ ಹುಡುಗಿ. ಓದಿನಲ್ಲಿ ಜಾಣೆ, ಬಾಯಿ ತೆರೆದರೆ ಮಾತ್ರ ಅವಳ ಮಾತು ಅವಳ ಕಾಲರನ್ನು ದಾಟಿ ಹೋಗುತ್ತಿರಲಿಲ್ಲ. ಅವಳು ಮಂಡಿಯೂರಿ ಕುಳಿತಳು, ಮೂಗಿನ ಹತ್ತಿರ ಕೆನ್ನೆ ಹಿಡಿದಳು. ಅತ್ತೆ ನಿಯತ್ತಾಗಿ ಉಸಿರು ಕಟ್ಟಿಕೊಂಡಿದ್ದರು. ಹುಡುಗಿ ಕಪ್ಪು ಚೀಟಿ ತೆಗೆದಳು, ಮುಖ ನೋಡಿದಳು, ಒಳಗಿಟ್ಟಳು, ಕೆಂಪು ಕಟ್ಟಿದಳು.

"ಯಾಕೆ ಕೆಂಪು?" ಎಂದರು ಮೇಡಂ.

"ನಿಮ್ಮತ್ತೆ ಅಲ್ವಾ ಮೇಡಂ..."

"ಇಲ್ಲಿ ಅವರು ನಂಗೇನೂ ಆಗಬೇಕಿಲ್ಲ. ಉಸಿರಿಲ್ಲ ಅಂದ್ರೆ ಕಪ್ಪು. ಕಟ್ಟು."

ಕೆಳಗಿನಿಂದ ಹೆಣ ಮಾತಾಡಿತು. "ಕೇಳಿಸ್ಕೊಂಡ್ರಾ ಎಲ್ಲರೂ? ಏನೂ ಆಗಬೇಕಿಲ್ವಂತೆ. ಬಾಯಿ ಬಿಟ್ಟು ಹೇಳಿದ್ಲು."

ಇಡೀ ತಾಲೀಮು ಇದೇ ಪಾಡು. ವಯಸ್ಸಾದವರಿಗೆಲ್ಲ ಕೆಂಪು. ಕ್ಯಾಂಟೀನ್ ಮಾಲೀಕನಿಗೆ ಕೆಂಪು, ದಿನಾ ಟೀ ಕೊಡುತ್ತಾರಲ್ಲ ಎಂದು. ನಿಜವಾಗಿ ತೊಡೆಯಿಂದ ರಕ್ತ ಹರಿಯುತ್ತಿದ್ದ, ಅಂದರೆ ಕೆಂಪು ಶಾಯಿಯ ಬಟ್ಟೆ ಸುತ್ತಿಕೊಂಡಿದ್ದ, ಕಸ ಗುಡಿಸುವ ಆಯಾಗೆ ಮಾತ್ರ ಹಸಿರು. ಏಕೆಂದರೆ ಆಕೆ ಕೂತಿದ್ದನ್ನು ಯಾರೂ ಎಂದೂ ನೋಡಿರಲಿಲ್ಲ. ಆಕೆ ನಡೆಯಲಾರಳು ಎಂದು ಯಾರಿಗೂ ಹೊಳೆಯಲಿಲ್ಲ. ದೊಡ್ಡವರು ಬಂದರೆ ಎದ್ದು ನಿಲ್ಲಬೇಕೆಂದು ಹುಟ್ಟಿದಂದಿನಿಂದ ಹೇಳಿ ಬೆಳೆಸಿದ ಹುಡುಗಿಯರಿಗೆ ಒಂದೇ ವಾರದಲ್ಲಿ, ದೊಡ್ಡವರನ್ನು ದಾಟಿ ಹೋಗಿ ಎಂದು ಹೇಳಿಕೊಡಬೇಕಿತ್ತು. ಮೇಡಂ ಗಂಟಲು ಒಡೆಯುವವರೆಗೂ ಹೇಳಿಕೊಟ್ಟರು.

ಡ್ರಿಲ್ಲಿನ ದಿನ ಮೇಡಂ ಆಸ್ಪತ್ರೆಗೆ ಬಂದು ನೋಡುತ್ತಾರೆ, ಅಂಗಳದ ತುಂಬ ಕುರ್ಚಿ. ಗೋಡೆಗೆ ಆಳುದ್ದದ ಬ್ಯಾನರು: 'ಮಾನ್ಯ ಅಧ್ಯಕ್ಷರ ಅಮೃತಹಸ್ತದಿಂದ ವಿಪತ್ತಿನ ಉದ್ಘಾಟನೆ.' ಅದಾದರೂ ಹೋಗಲಿ, ಮೇಲಿನ ವಾರ್ಡಿನಿಂದ ಸ್ಟ್ರೆಚರುಗಳನ್ನು ಇಳಿಸುವ ಇಳಿಜಾರು ದಾರಿಯ ಬಾಗಿಲಿಗೆ ಅಡ್ಡವಾಗಿ, ಹೂವಿನಂತೆ ಗಂಟು ಹಾಕಿದ ಅಗಲವಾದ ರಿಬ್ಬನ್ನು.

"ಸರ್, ಅದು ತುರ್ತು ಬಾಗಿಲು."

"ಗೊತ್ತು ಮೇಡಂ. ಅದಕ್ಕೇ ಅಲ್ಲಿ ಕಟ್ಟಿಸಿದ್ದು. ಸಾಂಕೇತಿಕವಾಗಿರುತ್ತೆ," ಎಂದರು ದೊಡ್ಡ ಡಾಕ್ಟರು. "ಅಧ್ಯಕ್ಷರು ಮೊದಲು ಕತ್ತರಿಸ್ತಾರೆ. ಆಮೇಲೆ ಅವರೂ ಒಬ್ಬ ಗಾಯಾಳುವಾಗಿ ಮಲಗ್ತಾರೆ. ಕಾಲು ಉಳುಕಿರೋದು ಅಂತ ಇಟ್ಕೊಳ್ಳಿ. ಅವರಿಗೇ ಆಸೆ, ಪೇಪರಿಗೆ ಫೋಟೊ ಬರುತ್ತೆ. ನಿಮ್ಮ ಹುಡುಗೀರು ಓಡಿ ಬಂದು ಎತ್ಕೊಂಡು ಹೋಗಲಿ. ಆಮೇಲೆ ನೀವು ಸೈರನ್ ಹಾಕಿಸಿ, ಉಳಿದವರನ್ನ ಏನು ಬೇಕಾದ್ರೂ ಮಾಡ್ಕೊಳ್ಳಿ."

ಅಧ್ಯಕ್ಷರು ಬಂದರು. ಸ್ಥೂಲಕಾಯ, ಸಾಧು ಸ್ವಭಾವ, ಇಸ್ತ್ರಿ ಗೆರೆ ಮುರಿಯದ ಬಿಳಿ ಬಟ್ಟೆ. ಅವರಿಗಾಗಿ ಅಂಗಳದಲ್ಲೊಂದು ಜಮಖಾನ ಹಾಸಿತ್ತು. ಪಕ್ಕದಲ್ಲಿ ಬರೀ ನೆಲದ ಮೇಲೆ ಅತ್ತೆ ಆಗಲೇ ಸತ್ತು ಮಲಗಿದ್ದರು. ಬಿಸಿಲು ಚೆನ್ನಾಗಿದೆ, ಹಾಗೇ ಒಮ್ಮೆ ಮಲಗಿ ಸರ್, ಕೋನ ನೋಡ್ತೀನಿ ಎಂದ ಫೋಟೊಗ್ರಾಫರ್. ಅಧ್ಯಕ್ಷರು ಮಲಗಿದರು. ಅದೇ ಹೊತ್ತಿಗೆ ಮೇಡಂ, ದಾರಿಗಡ್ಡ ಕುರ್ಚಿ ಹಾಕುತ್ತಿದ್ದ ಶಾಮಿಯಾನದವನಿಗೆ, "ಅದನ್ನ ತೆಗೀರಿ ಅಲ್ಲಿಂದ" ಎಂದು ಕೂಗಿದರು. ಮೇಡಂ ಕೂಗಿದಾಗ ಗುಂಡಿ ಒತ್ತು ಎಂದು ಹೇಳಿಸಿಕೊಂಡಿದ್ದ ವಾಚ್‌ಮನ್ ಕರ್ತವ್ಯನಿಷ್ಠೆಯಿಂದ ಗುಂಡಿ ಒತ್ತಿದ. ಸೈರನ್ ಊಳಿಡತೊಡಗಿತು. ವಿಪತ್ತು ಉದ್ಘಾಟನೆಗೆ ಕಾಯದೆ ಬಂದೇಬಿಟ್ಟಿತು.

ಹುಡುಗಿಯರು ಚೀಟಿಗಳ ಚೀಲ ಹಿಡಿದು ಹೊರಗೆ ಓಡಿಬಂದರು. ಜಮಖಾನದ ಪಾಳಿ ಪಿಸಿಪಿಸಿಯದು. ಅವಳು ಮೊದಲು ಅತ್ತೆಯ ಮೂಗಿಗೆ ಕೆನ್ನೆ ಹಿಡಿದು, ತುಟಿ ಕಚ್ಚಿಕೊಂಡು ಕಪ್ಪು ಕಟ್ಟಿದಳು. ನಂತರ ಅಧ್ಯಕ್ಷರ ಕಡೆ ತಿರುಗಿದಳು.

"ಸರ್, ನಡೆಯೋಕಾಗುತ್ತಾ?"

"ಏನಂದೆ ಮಗು?"

"ನಡೆಯೋಕೆ ಆಗುತ್ತಾ ಸರ್?"

"ಆಗುತ್ತಮ್ಮಾ. ಆದ್ರೆ ಈಗ ಆಗಬಾರದು ಅಂತ ಹೇಳಿದಾರೆ."

ಅವಳು ಹಸಿರು ಚೀಟಿ ಕಟ್ಟಿದಳು. ದೊಡ್ಡ ಡಾಕ್ಟರು ಎರಡೇ ಹೆಜ್ಜೆಗೆ ಬಂದು ನಿಂತರು. "ಕೆಂಪು, ಕೆಂಪು ಕಟ್ಟಮ್ಮಾ." ಹುಡುಗಿ ಮೇಡಂ ಮುಖ ನೋಡಿದಳು. ದೊಡ್ಡ ಡಾಕ್ಟರೂ ನೋಡಿದರು. ಒಂದು ಚೀಟಿ ಬದಲಾಯಿಸಿದರೆ ಸಾಕು, ಗುರುವಾರ ಉಳಿಯುತ್ತದೆ. ವರ್ಷವಿಡೀ ಸರಿಯಾದುದನ್ನು ಕಲಿಸಲು ಒಂದೇ ಒಂದು ಸಲ ತಪ್ಪು ಮಾಡಿಸಬೇಕು, ಅಷ್ಟೆ. ಇಂಥ ಅಗ್ಗದ ವ್ಯಾಪಾರಗಳಲ್ಲೇ ಅಲ್ಲವೇ ನಾವೆಲ್ಲ ಮುಳುಗಿರುವುದು. ಮೇಡಂಗೆ ಆ ಹೊಟ್ಟೆ ಹಿಡಿದುಕೊಂಡು ಇಳಿದ ಹೆಂಗಸು ಕಣ್ಣ ಮುಂದೆ ಬಂದಳೋ, ಬೂಟು ಹಿಡಿದು ನಡೆದ ನರ್ಸು ಬಂದಳೋ, ಅಂತೂ ಅವರ ಗಂಟಲು ಜೀವಮಾನದಲ್ಲಿ ಮೊದಲ ಸಲ ಕೈಕೊಟ್ಟಿತು. "ಕೇಳಿ ನೋಡಿ ತಾನೇ ಕಟ್ಟಿದ್ದು? ಇರಲಿ ಬಿಡು," ಎಂದದ್ದು ಹತ್ತಿರದವರಿಗಷ್ಟೇ ಕೇಳಿಸಿತು.

"ಹಾಗಾದ್ರೆ ಇವರನ್ನ ಎತ್ತೋರು ಯಾರು?" ದೊಡ್ಡ ಡಾಕ್ಟರು ಸುತ್ತ ನೋಡಿದರು. "ಸ್ಟ್ರೆಚರ್ ಎಲ್ಲಿ?"

ಸ್ಟ್ರೆಚರ್ ಬಂದಿತ್ತು. ಮೇಲಿನ ವಾರ್ಡಿನಿಂದ ನಾಲ್ವರು ಹುಡುಗಿಯರು ತೊಡೆಯ ರಕ್ತಸ್ರಾವದ ಆಯಾಳನ್ನು ಮಲಗಿಸಿಕೊಂಡು ಇಳಿಜಾರಿನಲ್ಲಿ ಓಡುತ್ತಾ ಬಂದವರು ಬಾಗಿಲಲ್ಲಿ ಗಕ್ಕನೆ ನಿಂತಿದ್ದರು. ಎದುರಿಗೆ ರಿಬ್ಬನ್ನು. ಬೆಂಕಿಯನ್ನಾದರೂ ದಾಟಬಹುದು, ಅಧ್ಯಕ್ಷರು ಕತ್ತರಿಸದ ರಿಬ್ಬನ್ನನ್ನು ದಾಟುವುದುಂಟೇ? ಅವರ ಹಿಂದೆ ಇನ್ನೆರಡು ಸ್ಟ್ರೆಚರು ಬಂದು ಸಾಲು ನಿಂತವು.

"ಯಾಕ್ರವ್ವಾ ನಿಂತ್ಬಿಟ್ರಿ? ನಂಗೆ ರಕ್ತ ಹೋಗ್ತಿದೆ, ನೆನಪೈತಾ?" ಎಂದಳು ಆಯಾ.

"ಸ್ವಲ್ಪ ತಡ್ಕೊಳ್ಳಿ ಆಯಾ, ಉದ್ಘಾಟನೆ ಆಗಿಲ್ಲ."

"ಆಗೋವಷ್ಟರಲ್ಲಿ ನಂದು ಸಮಾರೋಪ ಆಗುತ್ತೆ."

ಎಲ್ಲರಿಗೂ ಪರಿಸ್ಥಿತಿ ನಿಧಾನವಾಗಿ ಅರ್ಥವಾಯಿತು. ಸ್ಟ್ರೆಚರ್ ಹೊರಗೆ ಬರಬೇಕಾದರೆ ರಿಬ್ಬನ್ ಕತ್ತರಿಸಬೇಕು. ರಿಬ್ಬನ್ ಕತ್ತರಿಸಬೇಕಾದವರು ಜಮಖಾನದ ಮೇಲಿದ್ದಾರೆ. ಜಮಖಾನದಿಂದ ಅವರು ಏಳಬೇಕಾದರೆ ಸ್ಟ್ರೆಚರ್ ಬರಬೇಕು. ಸೈರನ್ ಊಳಿಡುತ್ತಲೇ ಇತ್ತು. ಅಧ್ಯಕ್ಷರು ಬಿಸಿಲಿಗೆ ಬೆವರುತ್ತ, ಮಾತಿಗೆಂದು ಪಕ್ಕಕ್ಕೆ ತಿರುಗಿದರು.

"ನಿಮಗೇನಾಗಿದೆ ಅಜ್ಜೀ?"

"ನಾನು ಸತ್ತಿದೀನಪ್ಪಾ, ಮಾತಾಡಿಸ್ಬೇಡ. ಸೊಸೆ ಬೈತಾಳೆ."

ಆಗ ಪಿಸಿಪಿಸಿ ಏನೋ ಹೇಳಿದಳು. ಅಧ್ಯಕ್ಷರು ಏನು ಎಂದರು. ಮತ್ತೆ ಹೇಳಿದಳು. ಸೈರನ್ನಿನಲ್ಲಿ ಅದು ಮುಳುಗಿತು. "ಜೋರಾಗಿ ಹೇಳಮ್ಮಾ" ಎಂದು ಅವರು ಹೇಳುವುದಕ್ಕೂ ವಾಚ್‌ಮನ್ ಬೇಸತ್ತು ಸೈರನ್ ನಿಲ್ಲಿಸುವುದಕ್ಕೂ ಸರಿಹೋಯಿತು. ನಿಶ್ಶಬ್ದವಾದ ಅಂಗಳದಲ್ಲಿ ಹುಡುಗಿಯ ದನಿ ಗೋಡೆಗೆ ಬಡಿದು ಮರಳಿತು: "ನಿಮಗೇನೂ ಆಗಿಲ್ಲ, ಎದ್ದು ಆ ಕಡೆ ಹೋಗಿ ಅಂದೆ!"

ಅಂದವಳು ತನ್ನ ದನಿಗೆ ತಾನೇ ಹೆದರಿ, ಅಲ್ಲಿ ನಿಲ್ಲಲಾರದೆ ಬಾಗಿಲಿನತ್ತ ಓಡಿದಳು. ಸಮವಸ್ತ್ರದ ಜೇಬಿನಿಂದ ಬ್ಯಾಂಡೇಜು ಕತ್ತರಿ ತೆಗೆದಳು. ಕಚಕ್ ಎಂದು ರಿಬ್ಬನ್ನು ಎರಡಾಯಿತು. ಕುರ್ಚಿಗಳಲ್ಲಿ ಕುಳಿತ ಸಿಬ್ಬಂದಿಗೆ ರಿಬ್ಬನ್ ಕತ್ತರಿಸಿದ ಕೂಡಲೇ ಚಪ್ಪಾಳೆ ಹೊಡೆಯಬೇಕೆಂದು ಮೊದಲೇ ಹೇಳಿಡಲಾಗಿತ್ತು. ಯಾರು ಕತ್ತರಿಸಿದರೆ ಎಂದು ಹೇಳಿರಲಿಲ್ಲ. ಜೋರು ಚಪ್ಪಾಳೆ ಬಿತ್ತು. ಮೂರು ಸ್ಟ್ರೆಚರುಗಳು ಅಧ್ಯಕ್ಷರನ್ನು ಬಳಸಿಕೊಂಡು ಧಡಧಡ ಓಡಿದವು. ಫೋಟೊಗ್ರಾಫರ್ ತೆಗೆದ ಒಳ್ಳೆಯ ಚಿತ್ರ ಅದೊಂದೇ: ಮುಂದೆ ಸ್ಟ್ರೆಚರಿನಲ್ಲಿ ಮಹಾರಾಣಿಯಂತೆ ಮಲಗಿದ ಆಯಾ, ಹಿಂದೆ ಎದ್ದು ತಾವೇ ಜಮಖಾನ ಸುತ್ತುತ್ತಿರುವ ಅಧ್ಯಕ್ಷರು.

ಅಧ್ಯಕ್ಷರಿಗೆ ಹೇಳಿಕೊಳ್ಳುವಂಥ ಸಿಟ್ಟೇನೂ ಬರಲಿಲ್ಲ. "ಹುಡುಗಿ ಚುರುಕಾಗಿದಾಳೆ. ಆದ್ರೆ ಸ್ವಲ್ಪ ನಗುನಗುತ್ತಾ ಹೇಳಬಹುದಿತ್ತು," ಎಂದಷ್ಟೇ ಹೇಳಿ ಕಾರು ಹತ್ತಿದರು. ಅಷ್ಟು ಸಾಕಾಯಿತು. ಕಾರು ಗೇಟು ದಾಟುವ ಮೊದಲೇ ಗುರುವಾರದ ಪಿರಿಯಡ್ ರದ್ದಾಗಿತ್ತು.

ಮನೆಯಲ್ಲಿ ಮೇಡಂ ಒಂದು ಮಾತೂ ಆಡಲಿಲ್ಲ. ಅವರ ಮೌನಕ್ಕೆ ಹೆದರಿ ಪಕ್ಕದ ಮನೆಯವರು ಬಂದು ಎಲ್ಲ ಕ್ಷೇಮವೇ ಎಂದು ವಿಚಾರಿಸಿಕೊಂಡು ಹೋದರು. ಅತ್ತೆ ಮಾತ್ರ ಮಣಿಕಟ್ಟಿನ ಕಪ್ಪು ಚೀಟಿಯನ್ನು ಇನ್ನೂ ಬಿಚ್ಚದೆ, "ಆ ಮಗು ನನಗೆ ಸರಿಯಾಗೇ ಕಟ್ಟಿತು ಕಣೇ. ಅಳು ಬರ್ತಿತ್ತು ಅದಕ್ಕೆ, ಆದ್ರೂ ಕಟ್ಟಿತು," ಎಂದರು. ಸೊಸೆಗೆ ಅತ್ತೆಯಿಂದ ಸಿಕ್ಕ ಮೊದಲ ಹೊಗಳಿಕೆ ಅದು, ಅದೂ ಸೊಸೆಯನ್ನು ಕುರಿತದ್ದಲ್ಲ.

ನಗುಮೊಗದ ಸೇವೆ ಕಲಿಸಲು ಹೊರಗಿನಿಂದ ಒಬ್ಬ ತರಬೇತುದಾರರು ಬರುವುದಿತ್ತು. ಅವರು ಬರಲಿಲ್ಲ, ಅವರಿಗೆ ಇನ್ನೂ ದೊಡ್ಡ ಆಸ್ಪತ್ರೆಯೊಂದರಿಂದ ನಗಿಸಲು ಕರೆ ಬಂದಿತ್ತಂತೆ. ಪಿರಿಯಡ್ ಖಾಲಿ ಬಿಡುವಂತಿಲ್ಲ. ದೊಡ್ಡ ಡಾಕ್ಟರು ಮತ್ತೆ ಮೇಡಮ್ಮನ್ನು ಕರೆಸಿದರು.

"ನಗೋದು ತಾನೇ, ನೀವೇ ಕಲಿಸಿಬಿಡಿ."

"ಹೇಗೆ ಕಲಿಸಬೇಕು ಸರ್?"

"ಹೇಗಾದ್ರೂ. ಕೆಲಸ ಮಾಡುವಾಗ ಹುಡುಗೀರ ಮುಖದಲ್ಲಿ ನಗು ಇರಬೇಕು, ಅಷ್ಟೇ."

ಗುರುವಾರ ಕೊನೆಯ ಪಿರಿಯಡ್ಡಿನಲ್ಲಿ ದೊಡ್ಡ ಡಾಕ್ಟರು ತಪಾಸಣೆಗೆಂದು ತರಗತಿಯ ಬಾಗಿಲು ಸ್ವಲ್ಪ ತೆರೆದು ಇಣುಕಿದರು. ಬೆಂಚುಗಳನ್ನು ಗೋಡೆಗೆ ಒತ್ತರಿಸಿತ್ತು. ಹುಡುಗಿಯರು ಒಬ್ಬರನ್ನೊಬ್ಬರು ಬೆಡ್‌ಶೀಟಿನಲ್ಲಿ ಸುತ್ತಿ ನೆಲದ ಮೇಲೆ ದರದರ ಎಳೆಯುತ್ತಿದ್ದರು. ಹೊಗೆಯಲ್ಲಿ ತಗ್ಗಿ ನಡೆಯುವಂತೆ ಎಲ್ಲರೂ ಬಗ್ಗಿದ್ದರು. ಪಿಸಿಪಿಸಿ ಒಬ್ಬೊಬ್ಬರ ಮುಂದೆಯೂ ನಿಂತು, ಹಲ್ಲು ತೋರಿಸಿ, "ನಿಮಗೇನೂ ಆಗಿಲ್ಲ, ಎದ್ದು ಆ ಕಡೆ ಹೋಗಿ," ಎನ್ನುತ್ತಿದ್ದಳು. "ಇನ್ನೂ ಅಗಲವಾಗಿ ನಗು, ಇನ್ನೂ ಗಟ್ಟಿಯಾಗಿ ಹೇಳು," ಎಂದು ಮೇಡಂ ಗದರುತ್ತಿದ್ದರು.

ಎಲ್ಲರ ಮುಖದಲ್ಲೂ ನಗು ಇತ್ತು. ದೊಡ್ಡ ಡಾಕ್ಟರು ತೃಪ್ತಿಯಿಂದ ಬಾಗಿಲು ಮುಚ್ಚಿಕೊಂಡು ಹೋದರು.