ಅವ್ವ ಇಳಿದ ಮೇಲೆ ಹೊರಟ ವಿಮಾನ

ಹತ್ತಿ ಕುಳಿತಿದ್ದ ವಿಮಾನದಿಂದ ಅವ್ವ ಮತ್ತೆ ಇಳಿದು, ತಲೆಯ ಮೇಲೆ ಸೆರಗು ಹೊದ್ದು, ಅಹಮದಾಬಾದಿನ ಮೇ ತಿಂಗಳ ಬಿಸಿಲಿನಲ್ಲಿ ನನ್ನತ್ತ ನಡೆದು ಬರುತ್ತಿದ್ದಳು. ಅವಳನ್ನು ಇಳಿಸಲು ಹೇಳಿದವನು ನಾನೇ.

ನಾನಾಗ ಅಲ್ಲಿ ಡಿಸ್ಪ್ಯಾಚರ್. ವಿಮಾನ ಎಷ್ಟು ಇಂಧನ, ಎಷ್ಟು ಭಾರ ಹೊತ್ತು ಏರಬಹುದೆಂದು ಲೆಕ್ಕ ಹಾಕುವ ಕೆಲಸ. ಮನೆಯವರಿಗೆ ಪುಕ್ಕಟೆ ಟಿಕೆಟ್ ಸಿಗುತ್ತಿತ್ತು, ಸೀಟು ಉಳಿದರೆ ಮಾತ್ರ. ಬಿಸಿಲು ಹೆಚ್ಚಾದಷ್ಟೂ ವಿಮಾನ ಹೊರಬಲ್ಲ ಭಾರ ಕಡಿಮೆ. ಆಗ ಪ್ರಯಾಣಿಕರಲ್ಲಿ ಮೊದಲು ಇಳಿಯಬೇಕಾದವರು ಪುಕ್ಕಟೆ ಟಿಕೆಟಿನವರು. ಅವತ್ತು ಸರಕು ಇಳಿಸಿದರೂ ಭಾರ ಹೆಚ್ಚೇ ಇತ್ತು, ಮತ್ತು ಅಂಥ ಟಿಕೆಟ್ ಇದ್ದದ್ದು ಅವ್ವನೊಬ್ಬಳದೇ. ಬೆಂಗಳೂರಿಗೆ ಆ ದಿನ ಉಳಿದಿದ್ದದ್ದು ಅದೊಂದೇ ವಿಮಾನ. ಮರುದಿನ ಬೆಳಿಗ್ಗೆ ಅಲ್ಲಿ ತಂಗಿಯ ಹೊಸ ಮನೆಯ ಗೃಹಪ್ರವೇಶ. ಹಾಲುಕ್ಕಿಸಲು ಅವ್ವನೇ ಬೇಕೆಂದು ತಂಗಿ ಕಾದಿದ್ದಳು.

ಬೈಸಿಕೊಳ್ಳಲು ಸಿದ್ಧನಾಗಿಯೇ ಎದುರು ಹೋದೆ. ಅವ್ವ ಚೀಲವನ್ನು ನನ್ನ ಕೈಗೆ ಕೊಟ್ಟು, ವಿಮಾನದತ್ತ ತಿರುಗಿ ನೋಡಿದಳು.

“ನಾ ಒಬ್ಬಾಕಿ ಇಳದ್ರ ಸಾಕೇನಪಾ, ಇನ್ನೂ ಯಾರರೆ ಇಳೀಬೇಕೇನು?”

“ಸಾಕವ್ವಾ.”

“ಹಂಗಾರ ಕಳಸು ಅದನ್ನ. ಒಳಗ ಮಂದಿ ಕುದ್ಯಾಕತ್ತಾರ.”

ಮರುದಿನ ತಂಗಿಯ ಅತ್ತೆ ಹಾಲುಕ್ಕಿಸಿದರಂತೆ. ತಂಗಿ ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಅಲ್ಲಿಯವರೆಗೆ ಯಾರನ್ನಾದರೂ ಇಳಿಸಬೇಕಾದರೆ ವಾಕಿಟಾಕಿಯಲ್ಲಿ ಹೇಳಿ ಮುಗಿಸುತ್ತಿದ್ದೆ. ಆಮೇಲೆ ಅಂಥ ಮಧ್ಯಾಹ್ನಗಳಲ್ಲಿ ನಾನೇ ಏಣಿಯ ಬುಡಕ್ಕೆ ಹೋಗಿ ನಿಲ್ಲತೊಡಗಿದೆ, ಇಳಿದು ಬಂದವರ ಚೀಲ ಹಿಡಿದುಕೊಳ್ಳಲು.