ಊರೊಟ್ಟಿನ ಅರ್ಜಿ

ನಲವತ್ತೆರಡರ ಚಳವಳಿಯಲ್ಲಿ ಯಾರೋ ರಸ್ತೆ ಬದಿಯ ಟೆಲಿಗ್ರಾಫ್ ತಂತಿ ಕಡಿದರು. ಯಾರೆಂದು ಗೊತ್ತಾಗದ್ದಕ್ಕೆ ಪೊಲೀಸರು ದಂಡಿಗನಹಳ್ಳಿ ಕಡೆಯ ಒಂದು ಊರಿಗೆ ನುಗ್ಗಿ ಸಿಕ್ಕವರನ್ನೆಲ್ಲ ಬಡಿದರು. ಮೂರನೆಯ ದಿನ ಅಲ್ಲಿಂದ ಒಬ್ಬ ರೈತ ಹೆಂಡತಿಯ ಜೊತೆ ಹಾಸನಕ್ಕೆ, ನಮ್ಮ ವಕೀಲರ ಆಫೀಸಿಗೆ ಬಂದ. ಇಂಥ ಕೇಸು ಹಿಡಿಯುತ್ತಿದ್ದವರು ಅವರೊಬ್ಬರೇ; ವಕೀಲಿಕೆಯ ಸನದು ಕಿತ್ತುಕೊಳ್ಳುತ್ತೇವೆಂದು ಆಗಲೇ ಎಚ್ಚರಿಕೆಯೂ ಬಂದಿತ್ತು. ನಾನು ಅವರ ಕೈಕೆಳಗೆ ಅರ್ಜಿ ಬರೆಯುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎರಡು ಪದಕ ಗೆದ್ದವನು, ಸೋತು ಅಭ್ಯಾಸವಿರಲಿಲ್ಲ.

ರೈತ ಅಂಗಿ ಎತ್ತಿದ. ಬೆನ್ನಿನ ಮೇಲೆ ಬಾಸುಂಡೆಗಳು ಒಂದರ ಮೇಲೊಂದು ಎದ್ದಿದ್ದವು.

"ಊರೊಟ್ಟು ಅಂತ ಬರ್ಕಳಿ ಸಾ," ಅಂದ.

ಆ ಕಡೆ ಪದ್ಧತಿಯೇ ಹಾಗೆ. ಕೆರೆ ತೂಬಿನ ದೂರಾಗಲಿ, ಕಂದಾಯದ ತಕರಾರಾಗಲಿ, ಅರ್ಜಿ ಇಡೀ ಊರಿನದು. ಕೆಳಗೆ ಯಾರೊಬ್ಬರ ಹೆಸರೂ ಇರುವುದಿಲ್ಲ.

"ಊರಿಗೆ ಬೆನ್ನಿದೆಯೇನಪ್ಪಾ?" ಎಂದೆ. "ಏಟು ತಿಂದವನು ಯಾರು, ಎಲ್ಲಿ, ಯಾವಾಗ? ಅದಿಲ್ಲದಿದ್ದರೆ ಗಾಳಿಮಾತು ಅಂತ ಮೂಲೆಗೆಸೆಯುತ್ತಾರೆ."

"ಒಬ್ಬನ ಎಸ್ರು ಕಂಡ್ರೆ ಅವನ್ನೇ ಇಡೀತಾರೆ ಕಣ್ ಸಾ."

"ಹಿಡಿದರೆ ನಿನ್ನ ಮಾತು ನಿಜ ಅಂತ ಅವರೇ ಒಪ್ಪಿಕೊಂಡ ಹಾಗಾಯಿತಲ್ಲ."

ಈ ವಾದ ನನಗೇ ಬಹಳ ಹಿಡಿಸಿತು. ವಕೀಲರು ಹೊಳೆನರಸೀಪುರಕ್ಕೆ ಹೋಗಿದ್ದರು, ತಡೆಯುವವರಿರಲಿಲ್ಲ. ರೈತ ಹೆಂಡತಿಯ ಮುಖ ನೋಡಿದ.

"ಓದ್ದೋರು ಯೋಳ್ತಾವ್ರೆ, ಒತ್ಬುಡು," ಅಂದಳು. ಅವನು ಹೆಬ್ಬೆಟ್ಟು ಒತ್ತಿದ.

ಅರ್ಜಿ ಮೇಲಿನವರಿಗೆ ಹೋಯಿತು. ಮೇಲಿನಿಂದ, ವಿಚಾರಣೆಗೆಂದು, ಅವನನ್ನು ಹೊಡೆದ ಠಾಣೆಗೇ ಇಳಿದು ಬಂತು. ಸಂತೆಯ ದಿನ ಅವನನ್ನು ಎಳೆದೊಯ್ದರು. ತಂತಿ ಕಡಿದವನು ಇವನೇ ಎಂದರು.

ಹೆಂಡತಿ ಒಬ್ಬಳೇ ಬಂದಳು. ವಕೀಲರು ಎಲ್ಲ ಕೇಳಿದರು; ನನ್ನನ್ನು ಬಯ್ಯಲಿಲ್ಲ. ಅವನನ್ನು ಬಿಡಬೇಕೆಂದು ಹೊಸ ಅರ್ಜಿಯನ್ನು ತಾವೇ ಬರೆದು ನನ್ನ ಮುಂದೆ ತಳ್ಳಿದರು.

"ಆ ಬೆನ್ನು ನೋಡಿದ ಸಾಕ್ಷಿ ನೀನಯ್ಯ. ಯಾರು, ಎಲ್ಲಿ, ಯಾವಾಗ, ಎಲ್ಲ ಗೊತ್ತಿದೆ. ಸಹಿ ಹಾಕು."

ಪೆನ್ನು ಹಿಡಿದೆ. ಲಾಠಿ ನೆನಪಾಯಿತು. ಅರಕಲಗೂಡಿನಲ್ಲಿ ಸರ್ಕಾರಿ ಮೇಷ್ಟರಾಗಿದ್ದ ಅಪ್ಪ ನೆನಪಾದರು.

"ಊರೊಟ್ಟು ಅಂತ ಹಾಕಿದರೆ ನಡೆಯೋದಿಲ್ಲವೇ ಸಾರ್?" ಹೀಗೆ ಕೇಳಿದವನು ನಾನೇ.

ಅವರು ಕಾಗದ ಎಳೆದುಕೊಂಡು ತಮ್ಮ ಹೆಸರು ಹಾಕಿದರು. ಸನದಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ನಂದೂ ಒತ್ತುಸ್ಕಳಿ ಸಾ," ಎಂದಳು ಆಕೆ, ನನ್ನ ಕಡೆ ನೋಡದೆ. "ಎಸ್ರು ಬೇಕು ಅಂದಿದ್ರಲ್ಲ."

ಮಸಿಯ ಡಬ್ಬಿಯನ್ನು ಅವಳ ಹತ್ತಿರ ಸರಿಸಿದೆ. ಆ ದಿನ ನಾನು ಮಾಡಿದ್ದು ಅಷ್ಟೇ.